ಅತ್ತೆ ಎಂದು ಬರೆದ ಗೆರೆ

ನಮ್ಮ ಅಂಗಡಿಯ ಒಡತಿಯನ್ನು ಊರೆಲ್ಲ ಗೆರೆಯಕ್ಕ ಎಂದೇ ಕರೆಯುತ್ತದೆ. ವಯಸ್ಸಿನಲ್ಲಿ ನನಗಿಂತ ಹನ್ನೊಂದು ವರ್ಷ ಚಿಕ್ಕವರು, ಆದರೂ ನನಗೂ ಅಕ್ಕನೇ. ಮನೆಯ ಒಳಗು ಹೇಗಿರಬೇಕೆಂದು ಗೊತ್ತು ಮಾಡುವುದು ಅವರ ಕೆಲಸ, ಅದನ್ನು ಮರದಲ್ಲಿ ಮಾಡಿ ನಿಲ್ಲಿಸುವುದು ನನ್ನ ಕೆಲಸ. ಈಗ ನಮ್ಮಲ್ಲಿ ಒಂಬತ್ತು ಜನ ಬಡಗಿಗಳಿದ್ದಾರೆ. ಇವತ್ತು ಬಂದು ಕೇಳಿದವರಿಗೆ ಎಂಟು ತಿಂಗಳಾಚೆಯ ದಿನ ಸಿಗುತ್ತದೆ. ಇದನ್ನೆಲ್ಲ ನೋಡಿ ಆಯಮ್ಮನ ಅದೃಷ್ಟ ಎನ್ನುವವರಿದ್ದಾರೆ. ಅಂಥವರ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ನಾವು ಅಂಗಡಿ ಶುರು ಮಾಡಿದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಅಲ್ಲಿಗೆ ಹದಿನೆಂಟು ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ. ಅದೃಷ್ಟ ಅಷ್ಟು ಕಷ್ಟಪಟ್ಟು ಹತ್ತಿ ಬಂದದ್ದನ್ನು ನಾನಂತೂ ಕಂಡಿಲ್ಲ.

ಗೆರೆಯಕ್ಕ ಎನ್ನುವ ಹೆಸರು ಬಂದದ್ದು ಅವರ ಕೆಲಸದ ರೀತಿಯಿಂದ. ಹೊಸ ಮನೆಗೆ ಕಾಲಿಟ್ಟರೆ ಅವರು ಕಾಗದ, ಪೆನ್ಸಿಲ್ಲು ತೆಗೆಯುವುದಿಲ್ಲ. ಅಡುಗೆಮನೆಗೆ ಹೋಗಿ, ಇಲ್ಲಿ ಕೆಲಸ ಮಾಡುವವರು ಯಾರು ಎಂದು ಕೇಳುತ್ತಾರೆ. ಅವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಮೊಳಕೈ ಮಡಚಲು ಹೇಳಿ, ಅದರ ಕೆಳಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ಹಿಮ್ಮಡಿ ಎತ್ತದೆ ಕೈ ಚಾಚಲು ಹೇಳಿ ಬೆರಳ ತುದಿಗೆ ಇನ್ನೊಂದು. ಕೆಳಗಿನ ಗೆರೆ ಕಟ್ಟೆಯ ಎತ್ತರ, ಮೇಲಿನದು ಕೊನೆಯ ಶೆಲ್ಫಿನ ಎತ್ತರ. ಎರಡನ್ನೂ ಒಂದು ಮರದ ಪಟ್ಟಿಯ ಮೇಲೆ ಗುರುತು ಹಾಕಿ, ಯಾರ ಗೆರೆ ಎಂದು ಪಕ್ಕದಲ್ಲಿ ಬರೆದು ನನ್ನ ಕೈಗೆ ಕೊಡುತ್ತಾರೆ. ಬಣ್ಣ, ಗಾಜು, ದೀಪ ಎಲ್ಲ ಆಮೇಲೆ.

ಹಿಂದೆ ಇದೇ ಹೆಣ್ಣುಮಗಳನ್ನು ಜನ ಹೊಗಳುತ್ತಿದ್ದ ಮಾತೇ ಬೇರೆ. ಅಣ್ಣ ಹಾಕಿದ ಗೆರೆ ದಾಟದವಳು ಎನ್ನುತ್ತಿದ್ದರು. ಅಣ್ಣನದು ದೊಡ್ಡ ರಸ್ತೆಯ ಮೂಲೆಯಲ್ಲಿ ಮೂರು ಗಾಜಿನ ಬಾಗಿಲಿನ ಫರ್ನಿಚರ್ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ, ಫ್ಯಾನು ತಿರುಗಿದರೆ ಕಾಗದ ಹಾರುವಷ್ಟು ಇಕ್ಕಟ್ಟಿನಲ್ಲಿ, ತಂಗಿ ಹದಿನಾಲ್ಕು ವರ್ಷ ನಕ್ಷೆ ಬರೆದರು. ಮುಂದಿನ ಕೋಣೆಯಲ್ಲಿ ಅಣ್ಣ ಅದನ್ನು ಗಿರಾಕಿಗಳ ಎದುರು ಹರಡಿ, ಇದು ನನ್ನ ಡಿಸೈನು ಎನ್ನುತ್ತಿದ್ದರು. ಅವರ ಪ್ರಕಾರ ಎತ್ತರವಿದ್ದರೇ ಗತ್ತು. ತಮ್ಮ ಸ್ವಂತ ಮನೆಯ ಅಡುಗೆಮನೆ ಮಾಡಿಸುವಾಗಲೂ ಗೋಡೆಗೆ ಅಂಗೈ ಒತ್ತಿ ಇಷ್ಟೆತ್ತರ ಇರಲಿ ಎಂದರು, ತಂಗಿ ಹಾಗೇ ಬರೆದರು. ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಅತ್ತಿಗೆ ಅಣ್ಣನ ಭುಜಕ್ಕೂ ಬರುವುದಿಲ್ಲ. ಪ್ರತಿ ಡಬ್ಬಿಗೂ ಅವರು ತುದಿಗಾಲಲ್ಲಿ ನಿಲ್ಲುವುದನ್ನು ನೋಡುತ್ತ ತಂಗಿ ಎಷ್ಟೋ ವರ್ಷ ಅಲ್ಲಿ ಊಟ ಮಾಡಿದ್ದಾರೆ. ಅದನ್ನು ಬರೆದ ಕೈ ನನ್ನದೇ ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದರು.

ಕೊನೆಗೊಂದು ದಿನ, ಆ ಅಡುಗೆಮನೆಯನ್ನು ಬಿಚ್ಚಿ ಮತ್ತೆ ಮಾಡೋಣ ಎಂದು ಅಣ್ಣನನ್ನು ಕೇಳಿದರು. ಅಣ್ಣ ನಕ್ಕುಬಿಟ್ಟರು. ಮನೆ ಯಾರದೋ ಅವರ ಎತ್ತರಕ್ಕೆ ಮಾಡುವುದೇ ವ್ಯಾಪಾರ, ಇಷ್ಟು ವರ್ಷವಾದರೂ ನಿನಗೆ ಅಷ್ಟು ತಿಳಿಯಲಿಲ್ಲವಲ್ಲ ಎಂದರು. ಅದೇ ವಾರ ತಂಗಿ ಅಂಗಡಿ ಬಿಟ್ಟರು. ಎರಡು ತಿಂಗಳಲ್ಲಿ ನೀನಾಗೇ ವಾಪಸು ಬರುತ್ತೀಯ ಎಂದು ಅಣ್ಣ ಎಲ್ಲರೆದುರು ಹೇಳಿದರು. ಅದನ್ನು ಕೇಳಿ, ಅಲ್ಲೇ ಬಡಗಿಯಾಗಿದ್ದ ನಾನೂ ನನ್ನ ಉಳಿ, ಗರಗಸ ಚೀಲಕ್ಕೆ ತುಂಬಿಕೊಂಡು ಹೊರಟೆ. ಒಂಬತ್ತು ವರ್ಷದಲ್ಲಿ ಆ ಮನುಷ್ಯ ಒಂದು ದಿನವೂ ನನ್ನ ಮುಖ ನೋಡಿ ಮಾತಾಡಿರಲಿಲ್ಲ, ಏನಿದ್ದರೂ ನನ್ನ ಉಳಿಯ ಜೊತೆಗೇ ಮಾತು.

ಮೊದಲ ಎರಡು ವರ್ಷ ಸಿಕ್ಕಿದ್ದೆಲ್ಲ ಚಿಲ್ಲರೆ ಕೆಲಸ. ಕ್ಷೌರದಂಗಡಿಗೊಂದು ಕಪಾಟು, ದರ್ಜಿಯ ಮನೆಗೊಂದು ಮೇಜು, ಬಾಡಿಗೆ ಮನೆಗಳ ಶೆಲ್ಫು. ಮೂರನೆಯ ವರ್ಷ ಒಬ್ಬ ಬಿಲ್ಡರ್ ಮೆಟ್ಟಿಲು ಹತ್ತಿ ಬಂದ. ತಾನಿರುವ ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸಬೇಕು. ಅದು ಹಿಡಿಸಿದರೆ, ಅವನು ಕಟ್ಟಿಸುತ್ತಿರುವ ಅರವತ್ತು ಮನೆಗಳ ಕಟ್ಟಡದ ಅಡುಗೆಮನೆಗಳೂ ನಮಗೇ. ಅಣ್ಣನೂ ಆ ಕೆಲಸಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಅದು ಸಿಕ್ಕರೆ ನಮ್ಮ ಅಂಗಡಿ ನಿಂತಂತೆ, ಸಿಗದಿದ್ದರೆ ಬಾಗಿಲು ಹಾಕಿ ಅಣ್ಣನ ಹಿಂದಿನ ಕೋಣೆಗೆ ಹೋದಂತೆ. ಇದು ಗೆರೆಯಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗೆರೆ ಹಾಕಲು ಅವರೊಬ್ಬರೇ ಹೋದರು. ಪಟ್ಟಿ ನನ್ನ ಕೈಗೆ ಕೊಟ್ಟು ಬೇರೆ ಊರಿನ ಕೆಲಸಕ್ಕೆ ಎರಡು ವಾರ ಹೊರಟರು. ಪಟ್ಟಿಯ ಮೇಲೆ ಎರಡು ಗುರುತು, ಪಕ್ಕದಲ್ಲಿ ಒಂದೇ ಮಾತು: ಅತ್ತೆ. ಬಿಲ್ಡರ್ ಮನೆಗೆ ಹೋದಾಗ, ಅತ್ತೆ ಎಂದರೆ ಯಾರಮ್ಮ ಎಂದು ಅವನ ಹೆಂಡತಿಯನ್ನು ಕೇಳಿದೆ. ಆಕೆ ಸಹಜವಾಗಿ ತನ್ನ ಅತ್ತೆಯನ್ನು, ಅಂದರೆ ಬಿಲ್ಡರ್‌ನ ತಾಯಿಯನ್ನು ತೋರಿಸಿದಳು. ಬಾಗಿಲ ಚೌಕಟ್ಟಿಗೆ ತಲೆ ತಾಗುವಂಥ ಎತ್ತರದ ಹೆಂಗಸು. ಪಟ್ಟಿ ಹಿಡಿದು ನೋಡಿದರೆ ಗುರುತು ಆಕೆಯ ಮೊಳಕೈಯಿಂದ ಒಂದು ಗೇಣು ಕೆಳಗಿದೆ. ನಾನು ಮೂವತ್ತು ವರ್ಷ ಬಡಗಿ ಕೆಲಸ ಮಾಡಿದವನು. ಅಕ್ಕ ಗಡಿಬಿಡಿಯಲ್ಲಿ ತಪ್ಪು ಮಾಡಿದ್ದಾರೆ, ಮಾನ ಉಳಿಸೋಣ ಎಂದುಕೊಂಡೆ. ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ, ನನ್ನ ಜಂಬ ಬಿಡಲಿಲ್ಲ. ಆ ಹೆಂಗಸನ್ನು ಗೋಡೆಗೆ ನಿಲ್ಲಿಸಿ ಹೊಸ ಗುರುತು ಹಾಕಿಕೊಂಡು, ಕಟ್ಟೆ, ಶೆಲ್ಫು ಎಲ್ಲವನ್ನೂ ಆ ಎತ್ತರಕ್ಕೇ ನಿಲ್ಲಿಸಿದೆ.

ಬಿಲ್ಡರ್ ನೋಡಿ ಹಿಗ್ಗಿದ. ಅಡುಗೆಮನೆ ಎಂದರೆ ಹೀಗಿರಬೇಕು, ಅರವತ್ತೂ ಹೀಗೇ ಇರಲಿ ಎಂದ. ಗೆರೆಯಕ್ಕ ಊರಿಂದ ಬಂದ ದಿನ ನಾನು ಎದೆಯುಬ್ಬಿಸಿಕೊಂಡು ಅವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮನೆಯವರೆಲ್ಲ ಹಿಂದೆಯೇ ಬಂದರು. ಒಳಗೆ, ನಾನು ಅದುವರೆಗೆ ಒಮ್ಮೆಯೂ ಗಮನಿಸದ ಒಬ್ಬ ಗಿಡ್ಡ ಹೆಂಗಸು, ತರಕಾರಿ ಬರುವ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಕವುಚಿ ಹಾಕಿ, ಅದರ ಮೇಲೆ ನಿಂತು ಒಲೆಯ ಮೇಲಿನ ಪಾತ್ರೆಯಲ್ಲಿ ಕೈಯಾಡಿಸುತ್ತಿದ್ದಳು. ಬಿಲ್ಡರ್‌ನ ತಂಗಿ. ಗಂಡನನ್ನು ಬಿಟ್ಟು ಅಣ್ಣನ ಮನೆಗೆ ಬಂದು ಹನ್ನೆರಡು ವರ್ಷವಾಗಿತ್ತು, ಅಂದಿನಿಂದ ಒಲೆ ಅವಳ ಪಾಲಿಗೇ. ಗೆರೆ ಹಾಕುವ ದಿನ, ಇಲ್ಲಿ ಕೆಲಸ ಮಾಡುವವರು ಯಾರು ಎಂದಾಗ ದೊಡ್ಡವರೆಲ್ಲ ನಾವೇ ಎಂದಿದ್ದರಂತೆ. ಬಿಲ್ಡರ್‌ನ ಪುಟ್ಟ ಮಗಳು ಮಾತ್ರ, ಅಲ್ಲ, ನಮ್ಮತ್ತೆ ಎಂದಿತ್ತಂತೆ. ಮಗುವಿನ ಬಾಯಲ್ಲಿ ಬಂದದ್ದನ್ನೇ ಗೆರೆಯಕ್ಕ ಪಟ್ಟಿಯ ಮೇಲೆ ಬರೆದಿದ್ದರು.

ಗೆರೆಯಕ್ಕ ಪೆಟ್ಟಿಗೆ ನೋಡಿದರು, ಕಟ್ಟೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಬಿಚ್ಚಿ ಮೇಸ್ತ್ರಿ" ಎಂದರು.

ಬಿಲ್ಡರ್ ಅಡ್ಡ ಬಂದ. ಮನೆ ತನ್ನದು, ತನಗೆ ಹಿಡಿಸಿದೆ, ಇದನ್ನು ಮುಟ್ಟಿದರೆ ಆ ಅರವತ್ತು ಮನೆ ಮರೆತುಬಿಡಿ ಎಂದ. ಗೆರೆಯಕ್ಕ ಅವನಿಗೆ ಸೊಪ್ಪು ಹಾಕಲಿಲ್ಲ. ಒಲೆಯ ಮುಂದಿದ್ದವಳತ್ತ ತಿರುಗಿ, ಇದು ನಿಮ್ಮ ಕಟ್ಟೆ, ನೀವು ಹೇಳಿ ಎಂದರು. ಅವಳು ಎಲ್ಲರ ಮುಖ ನೋಡಿ, ಪರವಾಗಿಲ್ಲ, ರೂಢಿಯಾಗುತ್ತದೆ ಎಂದು ಗೊಣಗಿದಳು.

ಬಿಲ್ಡರ್ ಅಲ್ಲಿಗೆ ಸುಮ್ಮನಾಗಬೇಕಿತ್ತು. ಅವನ ನಾಲಿಗೆ ಕೇಳಲಿಲ್ಲ. "ನೋಡಿ, ಅವಳೇ ಹೇಳ್ತಿದ್ದಾಳೆ. ಅವಳಿಗೇನು, ಒಂದು ಪೆಟ್ಟಿಗೆ ಹಾಕ್ಕೊಂಡ್ರೆ ಆಯ್ತು" ಎಂದ.

ಆ ಹೆಂಗಸು ಒಲೆ ಆರಿಸಿದಳು. ಪೆಟ್ಟಿಗೆಯಿಂದ ಇಳಿದು, ಅದನ್ನು ಕಾಲಲ್ಲೇ ತಳ್ಳಿಕೊಂಡು ಬಂದು ಅಣ್ಣನ ಮುಂದೆ ನಿಲ್ಲಿಸಿದಳು.

"ಹಾಗಾದ್ರೆ ಹತ್ತು ಅಣ್ಣ. ಇವತ್ತಿಂದ ನೀನೇ ಮಾಡು."

ಬಿಲ್ಡರ್ ತಾಯಿಯ ಕಡೆ ನೋಡಿದ. ಆ ಎತ್ತರದ ಮುದುಕಿ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ತಾವು ಹೆತ್ತ ಮಗಳು ಅದರ ಮೇಲೆ ನಿಂತದ್ದು ಅವರ ಕಣ್ಣಿಗೆ ಆಗಷ್ಟೇ ಬಿದ್ದಿತೋ ಏನೋ. ಇಳಿಸಿ ಹೋಗಲಿ ಬಿಡು ಎಂದು ಮಗನಿಗೆ ಹೇಳಿ ಒಳಗೆ ನಡೆದರು. ನಾಲ್ಕು ದಿನದಲ್ಲಿ ನಾನು ಎಲ್ಲವನ್ನೂ ಬಿಚ್ಚಿ, ಪಟ್ಟಿಯ ಮೇಲಿದ್ದ ಮೊದಲ ಗುರುತಿಗೆ ತಂದೆ. ಐದನೆಯ ದಿನ ಅರವತ್ತು ಮನೆಗಳ ಕೆಲಸ ಗೆರೆಯಕ್ಕನ ಅಣ್ಣನಿಗೆ ಹೋಯಿತು.

ಆ ಸುದ್ದಿ ಬಂದಾಗ ನಾನು ಚೀಲ ಹೆಗಲಿಗೇರಿಸಿದ್ದೆ. ತಪ್ಪು ನನ್ನದು, ಇನ್ನು ಮುಖ ತೋರಿಸಲಾರೆ ಎಂದೆ. ಗೆರೆಯಕ್ಕ ಚೀಲ ಕೆಳಗಿಡಿಸಿದರು. ನನ್ನ ಗೆರೆ ತಿದ್ದಬೇಕು ಎಂದು ಇನ್ನೊಮ್ಮೆ ಅನ್ನಿಸಿದರೆ ಮೊದಲು ಫೋನು ಮಾಡಿ ಎಂದು ಗದರಿದರು. ಮನೆಗೆ ಎಷ್ಟೋ ಜನ ಅತ್ತೆಯರಿರುವಾಗ ಬರೀ ಅತ್ತೆ ಎಂದು ಬರೆದದ್ದು ತಮ್ಮ ತಪ್ಪು ಎಂದೂ ಒಪ್ಪಿಕೊಂಡರು. ಅಂದಿನಿಂದ ನಮ್ಮ ಪಟ್ಟಿಗಳ ಮೇಲೆ ಮಗುವಿನ ಅತ್ತೆ, ಸೊಸೆಯ ಅತ್ತೆ, ಅಳಿಯನ ಅತ್ತೆ ಎಂದು ಪೂರ್ತಿ ಬರೆದಿರುತ್ತದೆ. ಓದಿದವರು ನಗುತ್ತಾರೆ, ನಗಲಿ.

ಆಮೇಲಿನ ಏಳೆಂಟು ತಿಂಗಳು ಕೆಲಸವಿಲ್ಲದೆ ಕಳೆದೆವು. ಅಣ್ಣ ಎರಡು ಸಲ ಆಳು ಕಳಿಸಿ, ಹಿಂದಿನ ಕೋಣೆ ಖಾಲಿಯೇ ಇದೆ ಎಂದು ಹೇಳಿಸಿದರು. ಅಲ್ಲಿ ಹಳೆಯ ಕುರ್ಚಿ ತುಂಬಿಕೊಳ್ಳಲಿ ಎಂದು ಗೆರೆಯಕ್ಕ ಹೇಳಿಕಳಿಸಿದರು. ಅಷ್ಟರಲ್ಲಿ ಆ ಕಟ್ಟಡಕ್ಕೆ ಜನ ಬಂದು ಸೇರಿದರು. ಅರವತ್ತು ಮನೆಗೂ ಒಂದೇ ಎತ್ತರದ ಕಟ್ಟೆ, ಒಂದೇ ಎತ್ತರದ ಶೆಲ್ಫು. ಮೊದಲು ನಮ್ಮ ಮೆಟ್ಟಿಲು ಹತ್ತಿದ್ದು ಒಬ್ಬ ಶಾಲಾ ಟೀಚರು. ಭುಜ ಹಿಡಿದುಕೊಂಡು ಬಂದಿದ್ದರು. ಯಾರು ಕಳಿಸಿದರು ಎಂದು ಕೇಳಿದರೆ, ಬಿಲ್ಡರ್‌ನ ತಂಗಿ ಎಂದರು. ಆಕೆ ತನ್ನ ಅಡುಗೆಮನೆಗೆ ಒಬ್ಬೊಬ್ಬರನ್ನೇ ಕರೆದು, ಕಟ್ಟೆಯ ಮುಂದೆ ನಿಂತು ತೋರಿಸುತ್ತಿದ್ದಳಂತೆ. ಒಂದೂವರೆ ವರ್ಷದಲ್ಲಿ ಆ ಅರವತ್ತರಲ್ಲಿ ಇಪ್ಪತ್ತಮೂರು ಅಡುಗೆಮನೆಗಳನ್ನು ಬಿಚ್ಚಿ ಮತ್ತೆ ಕಟ್ಟಿದ್ದು ನಾವು. ಅಣ್ಣನ ಅಂಗಡಿಯ ಶೆಲ್ಫುಗಳನ್ನು ಕಿತ್ತಾಗಲೆಲ್ಲ ನಾನು ಸಿಳ್ಳೆ ಹಾಕುತ್ತಿದ್ದೆ. ನಾನೇನು ಸಂತನಲ್ಲ.

ಹೋದ ತಿಂಗಳು ಅತ್ತಿಗೆಯೇ ಅಂಗಡಿಗೆ ಫೋನು ಮಾಡಿದರು. ನನಗೂ ಗೆರೆ ಹಾಕಿಕೊಡು ಎಂದಷ್ಟೇ ಕೇಳಿದರು. ಮಾರನೆಯ ಬೆಳಗ್ಗೆ ನಾವಿಬ್ಬರೂ ಆ ಮನೆಗೆ ಹೋದೆವು. ಅದು ಗೆರೆಯಕ್ಕ ತಾವೇ ಬರೆದ ಅಡುಗೆಮನೆ. ಮೇಲಿನ ಶೆಲ್ಫಿನ ಅಂಚಿನಲ್ಲಿ ಒಂದೇ ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು. ತುದಿಗಾಲಲ್ಲಿ ನಿಂತು ಅತ್ತಿಗೆಯ ಬೆರಳು ಹಿಡಿಯುತ್ತಿದ್ದ ಜಾಗ. ಗೆರೆಯಕ್ಕ ಅದನ್ನು ಒಮ್ಮೆ ಕೈಯಿಂದ ಸವರಿದರು. ಅವರ ಕಣ್ಣು ತುಂಬಿದ್ದನ್ನು ನಾನು ಮೊದಲ ಸಲ ನೋಡಿದೆ.

ಅತ್ತಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ಅಭ್ಯಾಸಬಲದಿಂದ ಹಿಮ್ಮಡಿ ಎತ್ತಿದ ಅತ್ತಿಗೆಯ ಭುಜ ಮೆಲ್ಲಗೆ ಒತ್ತಿ, "ನೆಲದ ಮೇಲೆ ನಿಲ್ಲಿ ಅತ್ತಿಗೆ, ಸಾಕು" ಎಂದರು. ಎರಡು ಗೆರೆ ಎಳೆದರು. ಅಷ್ಟರಲ್ಲಿ ಅಣ್ಣ ಬಾಗಿಲಿಗೆ ಬಂದು ನಿಂತರು. ಕೂದಲು ನರೆತಿತ್ತು, ದನಿ ಮಾತ್ರ ಅಂಗಡಿಯದೇ. ಗೋಡೆಯ ಮೇಲಿನ ಗೆರೆ ನೋಡಿ, ಇಷ್ಟು ತಗ್ಗಾದರೆ ಚೆನ್ನಾಗಿ ಕಾಣುವುದಿಲ್ಲ, ನಾಲ್ಕು ಇಂಚಾದರೂ ಮೇಲಿರಲಿ ಎಂದು ಕೈಯೆತ್ತಿ ಹಳೆಯ ಹಾಗೇ ಅಂಗೈ ಒತ್ತಿ ತೋರಿಸಲು ಬಂದರು.

ಗೆರೆಯಕ್ಕ ಅಣ್ಣನಿಗೂ ಗೋಡೆಗೂ ನಡುವೆ ನಿಂತರು.

"ಗೆರೆ ಬಿದ್ದಾಯ್ತು ಅಣ್ಣ. ಇನ್ನು ದಾಟೋ ಹಾಗಿಲ್ಲ."

ಅಣ್ಣ ಹೆಂಡತಿಯ ಮುಖ ನೋಡಿದರು. ಅತ್ತಿಗೆ ಗೋಡೆಗೆ ಒರಗಿ, ಎರಡೂ ಹಿಮ್ಮಡಿ ನೆಲಕ್ಕೂರಿ ಹಾಗೇ ನಿಂತಿದ್ದರು, ಅಲ್ಲಾಡಲಿಲ್ಲ. ಎತ್ತಿದ ಕೈಯನ್ನು ಅಣ್ಣ ಕೆಳಗಿಳಿಸಿದರು. ಆಮೇಲೆ, ನನ್ನನ್ನು ಕಂಡು ಇಷ್ಟು ವರ್ಷವಾದ ಮೇಲೆ ಮೊದಲ ಸಲ ನನ್ನ ಮುಖ ನೋಡಿ, ಬಿಚ್ಚಲು ಎಷ್ಟು ದಿನ ಬೇಕು ಮೇಸ್ತ್ರಿ ಎಂದು ಕೇಳಿದರು.