ಇಪ್ಪತ್ತೆಂಟನೇ ತಾರೀಖಿನ ಪ್ರಬಂಧ

ತಿರುವನಂತಪುರದಲ್ಲಿ ಎಂಜಿನಿಯರಿಂಗ್ ಓದುವಾಗ ನಾನು ಕಾಲೇಜಿನ ಚರ್ಚಾಕೂಟದ ಸಂಚಾಲಕಿಯಾಗಿದ್ದೆ. ಪ್ರತಿ ವರ್ಷ ಕೊಚ್ಚಿಯಲ್ಲಿ ನಡೆಯುವ ಸ್ಪರ್ಧೆಗೆ ಮೂವರನ್ನು ಆರಿಸಬೇಕು. ಅದಕ್ಕೆ ನಾನೂ ಸೇರಿ ಎಲ್ಲರೂ ಲ್ಯಾಬಿನ ಕಂಪ್ಯೂಟರಿನಲ್ಲಿ ಒಂದು ಪ್ರಬಂಧ ಹಾಕಬೇಕಿತ್ತು. ಆ ವರ್ಷ ಕೊನೆಯ ದಿನ ಡಿಸೆಂಬರ್ ಐದು. ತಡವಾಗಿ ಬಂದ ಪ್ರಬಂಧಗಳನ್ನು ಬೇರೆ ಫೋಲ್ಡರಿಗೆ ತಳ್ಳಲು ನಾನೇ ಹತ್ತು ಹನ್ನೆರಡು ಸಾಲಿನ ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿ, ಬರೆದೆ. ಮನುಷ್ಯರು ಶಿಫಾರಸಿಗೆ ಕರಗುತ್ತಾರೆ, ಸ್ಕ್ರಿಪ್ಟ್ ಕರಗುವುದಿಲ್ಲ ಎಂಬುದು ನನ್ನ ವಾದ.

ಆ ಫೋಲ್ಡರಿಗೆ ಬಿದ್ದದ್ದು ಒಂದೇ ಪ್ರಬಂಧ, ಕಾಸರಗೋಡಿನ ಮೊದಲ ವರ್ಷದ ಹುಡುಗಿಯದು. ಕೂಟದಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ಆಯ್ಕೆಯ ಪಟ್ಟಿ ಅಂಟಿಸಿದ ಮಧ್ಯಾಹ್ನವೇ ಬಂದಳು. ಅಲ್ಲಿಯ ರೂಢಿಯಂತೆ ನನ್ನನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದಳು.

“ಚೇಚೀ, ನಾನು ನವೆಂಬರಲ್ಲೇ ಹಾಕಿದ್ದು. ತಡ ಹೇಗೆ ಆಗ್ತದೆ?”

“ಹಾಕಿದೀನಿ ಅನ್ನೋದು ಬರೀ ಹೇಳಿಕೆ. ಸಾಕ್ಷಿ ಎಲ್ಲಿ?”

“ಸಾಕ್ಷಿ ಫೈಲಲ್ಲೇ ಉಂಟಲ್ಲ. ಒಮ್ಮೆ ತೆಗೆದು ನೋಡಿ.”

“ಸ್ಕ್ರಿಪ್ಟ್ ಅದನ್ನ ನೋಡೇ ತಡ ಅಂದಿರೋದು. ಕಂಪ್ಯೂಟರಿಗೇನು ನಿನ್ ಮೇಲೆ ಹಗೇನಾ?”

ಪಕ್ಕದಲ್ಲಿದ್ದ ಕನ್ನಡ ಬಾರದ ಗೆಳತಿಯರೂ ನಕ್ಕರು. ಗೆದ್ದದ್ದು ಯಾರೆಂದು ದನಿಯಲ್ಲೇ ತಿಳಿಯುತ್ತಿತ್ತು. ಅವಳು “ಆಯ್ತು” ಎಂದು ಹೊರಟುಹೋದಳು. ಫೈಲು ತೆರೆದು ನೋಡಲು ಅರ್ಧ ನಿಮಿಷ ಸಾಕಿತ್ತು. ನಾನು ನೋಡಲಿಲ್ಲ.

ನೋಡಿದ್ದು ಕೊಚ್ಚಿಗೆ ಹೊರಡುವ ಹಿಂದಿನ ದಿನ, ಆಫೀಸಿನವರು ತಿರಸ್ಕೃತ ಪ್ರಬಂಧದ ತಾರೀಖು ಕೇಳಿದಾಗ. 28-11 ಎಂದಿತ್ತು. ನಾವು ಕಾಗದದ ಮೇಲೆ ಬರೆಯುವಂತೆಯೇ ನಾನು ಸ್ಕ್ರಿಪ್ಟಿನಲ್ಲೂ ದಿನವನ್ನು ಮೊದಲು, ತಿಂಗಳನ್ನು ಆಮೇಲೆ ಇಟ್ಟಿದ್ದೆ. ಶೆಲ್‌ಗೆ ಅದು ತಾರೀಖಲ್ಲ, ಬರೀ ಅಕ್ಷರಗಳ ಸಾಲು. ಎಡದಿಂದ ಒಂದೊಂದೇ ಹೋಲಿಸುತ್ತದೆ. 28ರ ಎರಡು, 05ರ ಸೊನ್ನೆಗಿಂತ ದೊಡ್ಡದು. ಅಲ್ಲಿಗೆ ನವೆಂಬರ್ ಇಪ್ಪತ್ತೆಂಟು ಡಿಸೆಂಬರ್ ಐದರ ನಂತರ ಬಂದಂತಾಯಿತು. ಉಳಿದವರೆಲ್ಲ ವಿದ್ಯಾರ್ಥಿಗಳ ಪದ್ಧತಿಯಂತೆ ಕೊನೆಯ ಎರಡು ದಿನಗಳಲ್ಲಿ ಹಾಕಿದ್ದರಿಂದ ತಪ್ಪು ಹೊರಬಿದ್ದಿರಲಿಲ್ಲ. ವಾರ ಮೊದಲೇ ಮುಗಿಸಿದವಳೊಬ್ಬಳೇ ಸಿಕ್ಕಿಬಿದ್ದಳು.

ವರ್ಷ, ತಿಂಗಳು, ದಿನ ಎಂದು ತಿರುಗಿಸಿದೆ. ಒಂದೇ ಸಾಲಿನ ಕೆಲಸ. ಆಮೇಲೆ ಅವಳ ಪ್ರಬಂಧ ಓದಿದೆ. ಓದದೆ ಇದ್ದಿದ್ದರೆ ಚೆನ್ನಾಗಿರುತ್ತಿತ್ತು, ಏಕೆಂದರೆ ಅದು ನನ್ನದಕ್ಕಿಂತ ಚೆನ್ನಾಗಿತ್ತು. ಆಯ್ಕೆಯಲ್ಲಿ ಮೂರನೆಯವಳು ನಾನು. ನನ್ನದು ಕೊನೆಯ ವರ್ಷ.

ಟಿಕೆಟ್ ಆಗಿದೆ, ಹೆಸರು ಹೋಗಿದೆ, ಅವಳಿಗೆ ಇನ್ನೂ ಮೂರು ವರ್ಷ ಇದೆ. ರೈಲು ಎರ್ನಾಕುಲಂ ತಲುಪುವವರೆಗೂ ನನ್ನ ಪರವಾಗಿ ನಾನೇ ವಾದಿಸಿದೆ. ಎದುರು ಪಕ್ಷಕ್ಕೆ ಮಾತಾಡಲು ಸಮಯವನ್ನೇ ಕೊಡಲಿಲ್ಲ. ಕೊಚ್ಚಿಯಲ್ಲಿ ಎರಡನೇ ಸುತ್ತಿಗೇ ಸೋತೆವು.

ಹಿಂದಿರುಗಿದ ಮೇಲೆ ಅವಳನ್ನು ಶ್ರೀಕಾರ್ಯಂನ ಚಾಯ ಅಂಗಡಿಗೆ ಕರೆದು, ಸ್ಕ್ರಿಪ್ಟ್ ತಪ್ಪಿತ್ತು, ನೀನು ಸರಿ, ಎಂದೆ. ಅವಳು ಪಳಂಪೊರಿ, ಬಾಳೆಹಣ್ಣಿನ ಬಜ್ಜಿ, ಮುರಿಯುತ್ತ ಕೇಳಿದಳು:

“ನಿಮಗೆ ಗೊತ್ತಾದದ್ದು ಯಾವಾಗ? ಹೋಗುವ ಮೊದಲಾ, ಬಂದ ಮೇಲಾ?”

“ಬಂದ್ಮೇಲೆ.”

“ಹಾಗಾದ್ರೆ ನೀವಾದ್ರೂ ಎಂತ ಮಾಡ್ಲಿಕ್ಕಾಗ್ತದೆ, ಪಾಪ. ಇನ್ನೊಂದು ಪಳಂಪೊರಿ ಹೇಳಿ, ಚೇಚಿ.”

ಸಾಕ್ಷಿ ಕೇಳಲಿಲ್ಲ. ಕೇಳಲಿ ಎಂದು ನನಗೆ ಅನ್ನಿಸಿತ್ತೇ ಎಂದು ಈಗಲೂ ಖಚಿತವಾಗಿ ಹೇಳಲಾರೆ.

ಓದು ಮುಗಿಸಿ ಹೊರಡುವಾಗ ಕೂಟದ ಫೈಲುಗಳನ್ನೆಲ್ಲ ಅವಳಿಗೇ ಒಪ್ಪಿಸಿದೆ. ಹೊಸ ಸಂಚಾಲಕಿ ಅವಳೇ. ಸ್ಕ್ರಿಪ್ಟಿನಲ್ಲಿ ಏನೇ ತಿದ್ದಿದರೂ ಯಾವತ್ತು, ಏಕೆ ಎಂದು ಮೇಲೆ ಒಂದು ಸಾಲು ಬರೆದಿಡುವುದು ನಮ್ಮ ಅಭ್ಯಾಸ. ಆ ತಿದ್ದುಪಡಿಗೂ ಬರೆದಿದ್ದೆ, ರೈಲು ಹತ್ತುವ ಹಿಂದಿನ ದಿನದ ತಾರೀಖು ಹಾಕಿ. ಅದು ನೆನಪಾದದ್ದು ಒಪ್ಪಿಸಿ ವಾರವಾದ ಮೇಲೆ.

ಈಗ ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ನನ್ನ ಕೆಲಸ. ಹಡಗು ಬಂದ ಹೊತ್ತು, ಹೊರಟ ಹೊತ್ತು ಹೋಲಿಸುವ ಸ್ಕ್ರಿಪ್ಟುಗಳನ್ನೇ ಬರೆಯುತ್ತೇನೆ. ಕಳೆದ ತಿಂಗಳು ಅವಳ ಮೆಸೇಜು ಬಂತು: “ಚೇಚೀ, ನಿಮ್ಮ ಸ್ಕ್ರಿಪ್ಟ್ ಈ ವರ್ಷವೂ ಸರಿಯಾಗಿ ನಡೀತು. ಮೇಲಿನ ಸಾಲು ನಾನು ಅಳಿಸಲಿಲ್ಲ.”

ಉತ್ತರ ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲಿ ವಾದವಿತ್ತು. ಕೊನೆಗೆ “ಹೋಗುವ ಮೊದಲೇ ಗೊತ್ತಿತ್ತು” ಎಂದಷ್ಟೇ ಕಳಿಸಿದೆ. ಅವಳು ಅದನ್ನು ಓದಿದ್ದಾಳೆ.