ಭಜ್ಜಿಗೆ ಹೋದ ತೊಗರಿ

ಚಿತ್ತಾಪುರದಿಂದ ಕಾಳಗಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಎರೆಹೊಲವಿದೆ. ಅಣ್ಣ ಲಾರಿ ಓಡಿಸುತ್ತಾನೆ. ಹೊಲ ನೋಡಿಕೊಳ್ಳುವವರು ಅವ್ವ ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ. ನಾನು ವಾಡಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಹೊಲದ ವಿಷಯದಲ್ಲಿ ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಊಟಕ್ಕೆ ಮಾತ್ರ ಮರೆಯದೆ ಕರೆಯುತ್ತಾರೆ.

ಆ ಹೊಲದ ತೊಗರಿ ಹೂವಾಡುವ ಹೊತ್ತಿಗೆ ನೆಟೆರೋಗ ತಗುಲಿ ನಿಂತಲ್ಲೇ ಒಣಗುತ್ತಿತ್ತು. ವಿಶ್ವವಿದ್ಯಾಲಯದ ಮೇಡಂ ಒಬ್ಬರು ಊರಿಗೆ ಬಂದು, ರೋಗ ತಡೆಯುವ ಹೊಸ ತಳಿಯಿದೆ, ನಿಮ್ಮ ಹಳೆಯ ತೊಗರಿಯ ಪಕ್ಕದಲ್ಲೇ ಒಂದು ಪಟ್ಟಿಗೆ ಗೂಟ ಬಡಿದು ಬಿತ್ತಿ ನೋಡೋಣ ಎಂದರು. ವೈನಿ ತಕ್ಷಣ ಹೂಂ ಅಂದರು. ಅವ್ವ ಸಿಡಿಮಿಡಿಗೊಂಡಳು.

"ಯಾರರೇ ಬಂದು ನಮ್ಮ ಹೊಲದಾಗ ಗೂಟ ಬಡೀತೀನಂದ್ರ ಬಡಿಸ್ಕೋತಿಯೇನ?" ಎಂದು ರೇಗಿ, ಕಡೆಗೆ ಒಂದು ಷರತ್ತು ಹಾಕಿದಳು. "ಎರಡೂ ತೂಕ ಮಾಡಿ ತೋರಸ್ರಿ. ಹೊಸಾದು ಹೆಚ್ಚು ಬಂದ್ರ ಪೂರಾ ಹೊಲಕ್ಕ ಅದೇ ಬಿತ್ತಮಿ. ಇಲ್ಲಂದ್ರ ಈ ಮಾತು ಮನ್ಯಾಗ ಮತ್ತ ತೆಗೀಬ್ಯಾಡ್ರಿ."

ವೈನಿ ಆ ತೂಕವನ್ನೇ ನಂಬಿ ಮಳೆಗಾಲವಿಡೀ ದುಡಿದರು. ಚಳಿ ಬಿದ್ದಾಗ ಹಳೆಯ ತೊಗರಿ ಅಲ್ಲಲ್ಲಿ ಒಣಗಿತ್ತು, ಹೊಸದು ಹಸಿರಾಗಿ ಕಾಯಿ ಹೊತ್ತಿತ್ತು.

ಅಷ್ಟರಲ್ಲಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಹೊಲದಲ್ಲೇ ಊಟ. ಹಸಿಕಾಳು, ಸೊಪ್ಪು ಕೂಡಿಸಿ ಭಜ್ಜಿ ಮಾಡಿ, ಮೊದಲು ಭೂಮಿತಾಯಿಗೆ ಎಡೆಯಿಟ್ಟು, ಎಡೆಯ ಅಡುಗೆಯನ್ನೇ ಬೆಳೆಯೊಳಗೆ ಚರಗವೆಂದು ಚೆಲ್ಲಿ, ಆಮೇಲೆ ಕರೆದವರೂ ಕರೆಯದವರೂ ಉಣ್ಣಬೇಕು. ಹಿಂದಿನ ದಿನ ವೈನಿ ಮನೆಯಲ್ಲಿ ಸಜ್ಜೆರೊಟ್ಟಿ ಬಡಿಯುತ್ತಿದ್ದರು. ಅವ್ವ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಭಜ್ಜಿಗೆ ತೊಗರಿಕಾಯಿ ಹರಿದು ತರಲು ಹೋದಳು.

ಹಬ್ಬದ ದಿನ ಮೇಡಂ ಕೂಡ ಬಂದರು. ಬನ್ನಿಗಿಡದ ಕೆಳಗೆ ಕೂತು ಎರಡನೆಯ ಸಲ ಭಜ್ಜಿ ಹಾಕಿಸಿಕೊಂಡು, "ಭಾಳ ರುಚಿ ಅದ ಅವ್ವಾ. ಎಲ್ಲೀ ಕಾಯಿ?" ಎಂದು ಕೇಳಿದರು.

"ನಿಮ್ಮವೇ ರಿ ಮೇಡಂ!" ಅವ್ವನ ಮುಖ ಅರಳಿತು. "ಓಣಿ ಮಂದಿಗೆಲ್ಲ ಹೇಳೀನಿ, ಗೂಟದ ಒಳಗಿಂದೇ ಹರಕೋರ್ರಿ, ಕಾಳು ತುಂಬ್ಯಾವ ಅಂತ."

ಮೇಡಂ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. ಎದ್ದು ಹೋಗಿ ನೋಡಿ ಬಂದು, ಇಷ್ಟು ಕಾಯಿ ಹರಿದ ಮೇಲೆ ಈ ವರ್ಷದ ತೂಕ ಲೆಕ್ಕಕ್ಕೆ ಬರುವುದಿಲ್ಲ, ಈ ಸಲದ ಪರೀಕ್ಷೆಯಿಂದ ನಿಮ್ಮ ಹೊಲವನ್ನು ಬಿಡಬೇಕಾಗುತ್ತದೆ ಎಂದರು. ವೈನಿಗೆ ಅಳುವೇ ಬಂತು.

"ತೂಕ ಕೇಳಿದಾಕೀನೂ ನೀವೇ, ಹರಕೊಂಡು ಹೋದಾಕೀನೂ ನೀವೇ!"

"ತಾಯಿಗಿ ಎಡಿ ಇಡೂದದ. ಒಳ್ಳೇದು ಬಿಟ್ಟು ಒಣಗಿದ್ದು ಇಡ್ಲೇನು?"

"ಅಂದ್ರ ಅದು ಒಳ್ಳೇದಂತ ನಿಮಗ ಗೊತ್ತಾಯ್ತಲ್ಲ!"

"ತೂಕ ಆಗಿಲ್ಲಲ್ಲ," ಅಂದಳು ಅವ್ವ. ನನಗೆ ನಗು ತಡೆಯಲಾಗಲಿಲ್ಲ. ವೈನಿ ನನ್ನನ್ನು ಸುಡುವಂತೆ ನೋಡಿದರು.

ಮುಂಗಾರು ಬಂದಾಗ ಮೇಡಂ ಮತ್ತೆ ಬೀಜ ತಂದರು. ಅವ್ವ ಒಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡು ನೋಡಿದಳು. ಆಮೇಲೆ, "ಅದೇ ಪಟ್ಟಿಯೊಳಗ ಬಿತ್ರಿ," ಎಂದಳು. ಒಂದು ಕಾಳು ಹೆಚ್ಚಿಗೆ ಬಿತ್ತಲು ಬಿಡಲಿಲ್ಲ.

ಮುಂದಿನ ಎಳ್ಳಮಾಸಿಯ ಹಿಂದಿನ ದಿನ ಓಣಿಯ ಹೆಂಗಸರು ಬುಟ್ಟಿ ಹಿಡಿದು ಹೋದಾಗ ಅವ್ವ ಗೂಟದ ಹತ್ತಿರವೇ ಕೂತಿದ್ದಳು. "ಆ ಕಡಿ ಹೋಗ್ರಿ," ಎಂದು ಎಲ್ಲರನ್ನೂ ತೂಕಕ್ಕೆ ಸೇರದ ಹಳೆಯ ತೊಗರಿಯ ಕಡೆಗೆ ಅಟ್ಟಿದಳು. ಯಾರು ಎಷ್ಟು ಗೊಣಗಿದರೂ ಜಗ್ಗಲಿಲ್ಲ. ಮರುದಿನ ಭಜ್ಜಿ ಸಪ್ಪಗಿತ್ತು. ಮೇಡಂ ಈ ಸಲ ಒಂದೇ ಸಲ ಹಾಕಿಸಿಕೊಂಡರು.

ಎಡೆ ಇಡುವಾಗ ನಾನು ಅವ್ವನ ಹಿಂದೆಯೇ ನಿಂತಿದ್ದೆ. ಸೆರಗು ಹೊದ್ದು, ಮಣ್ಣಿಗೆ ಹಣೆ ಹಚ್ಚಿ, ಮೆಲ್ಲಗೆ ಹೇಳುತ್ತಿದ್ದಳು:

"ಈ ವರ್ಷ ಇಷ್ಟರಾಗೇ ಸುಧಾರಿಸ್ಕೋ ತಾಯಿ. ಸೊಸಿದು ತೂಕ ಆಗಬೇಕಾಗ್ಯದ. ಬರೋ ವರ್ಷ ಪೂರಾ ಹೊಲ ಅದೇ ಇರ್ತದ, ಹೊಟ್ಟಿತುಂಬ ಉಣ್ಣುವಂತಿ."