ಮಿಸ್ಟರ್ ಬಾರ್ಬರ್ ಹೇಳಿದ ಹೆಸರಿನ ಕಥೆ

೧೯೮೪ನೇ ಇಸವಿ. ಸೌದಿಯ ಉನೈಜಾ ಪಟ್ಟಣದ ಹೊರಗೆ, ಗೋಧಿ ಹೊಲಗಳಿಗೆ ಕೊಳವೆಬಾವಿ ಕೊರೆಯುವ ಕಂಪೆನಿಯೊಂದರಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ವಯಸ್ಸು ಇಪ್ಪತ್ತಮೂರು. ಊರು ಬಂಟ್ವಾಳದ ಹತ್ತಿರ. ಕ್ಯಾಂಪಿನ ಒಂದು ಕೋಣೆಯಲ್ಲಿ ನಾವು ನಾಲ್ವರು ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ನಮ್ಮಲ್ಲಿ ಹಿರಿಯರು ಕಾಪುವಿನ ಹಮೀದಾಕ, ಕಂಪೆನಿಯ ಸ್ಟೋರ್ ಕೀಪರ್. ಜ್ವರ ಬಂದರೆ ನನಗೆ ಗಂಜಿ ಬೇಯಿಸಿ ಕೊಡುತ್ತಿದ್ದವರೂ ಅವರೇ, ಕಾಗದ ಬರೆಯದಿದ್ದರೆ ಬೈಯುತ್ತಿದ್ದವರೂ ಅವರೇ.

ಅಂಥವರಿಗೆ ನಾನೊಂದು ಸುಳ್ಳು ಹೇಳಿದ್ದೆ. ಬಂದ ಮೊದಲ ದಿನ, "ನಿನ್ನ ಬಾಪನಿಗೆ ಎಂತ ಕೆಲಸ?" ಎಂದು ಕೇಳಿದಾಗ, "ಜವಳಿ ಅಂಗಡಿ" ಎಂದುಬಿಟ್ಟೆ. ನನ್ನ ಅಪ್ಪ ಕ್ಷೌರಿಕ. ತಗಡಿನ ಪೆಟ್ಟಿಗೆ ಹಿಡಿದು ಮನೆಮನೆಗೆ ಹೋಗಿ ತಲೆಗೂದಲು ಕತ್ತರಿಸುವವರು. ಮದುವೆ ಮನೆಯಲ್ಲಿ ಮದುಮಗನನ್ನು ಸಿದ್ಧಮಾಡಲು ಅಪ್ಪನೇ ಆಗಬೇಕು, ಊಟಕ್ಕೆ ಮಾತ್ರ ಎಲ್ಲರದೂ ಆದ ಮೇಲೆ ಕರೆ. ನಮ್ಮ ಮನೆತನಕ್ಕೆ ಹೊರಗಿನವರು ಹೆಣ್ಣು ಕೊಡುತ್ತಲೂ ಇರಲಿಲ್ಲ, ನಮ್ಮಿಂದ ತರುತ್ತಲೂ ಇರಲಿಲ್ಲ. ಚಿಕ್ಕಂದಿನಿಂದ ಇದನ್ನೇ ನೋಡಿದ ನನಗೆ, ಸಮುದ್ರ ದಾಟಿದ ಮೇಲಾದರೂ ಆ ಪೆಟ್ಟಿಗೆಯಿಂದ ದೂರ ಇರಬೇಕು ಅನ್ನಿಸಿತ್ತು.

ಸುಳ್ಳು ಎರಡು ವರ್ಷ ಆರಾಮವಾಗಿ ನಡೆಯಿತು. ಆಗ ನಮ್ಮಲ್ಲೊಂದು ಪದ್ಧತಿ ಇತ್ತು. ರಜೆಗೆ ಊರಿಗೆ ಹೋಗುವವನು ಕೋಣೆಯ ಎಲ್ಲರ ಕಾಗದ, ಬಟ್ಟೆಬರೆ, ಮಾತು ತುಂಬಿಸಿದ ಕ್ಯಾಸೆಟ್ ಹೊತ್ತುಕೊಂಡು ಹೋಗಿ ಒಬ್ಬೊಬ್ಬರ ಮನೆಗೂ ಮುಟ್ಟಿಸಬೇಕು. ಅಲ್ಲಿ ಚಾ ಕುಡಿದು, ಮನೆಯವರ ಮುಖ ನೋಡಿ ಬಂದು ಸುದ್ದಿ ಹೇಳಬೇಕು. ನಾನು ಮಾತ್ರ ಏನಾದರೊಂದು ನೆಪ ಹೇಳಿ ಎಲ್ಲವನ್ನೂ ಅಂಚೆಯಲ್ಲೇ ಕಳಿಸುತ್ತಿದ್ದೆ. ಆ ವರ್ಷ ಹಮೀದಾಕನ ಸರದಿ ಬಂತು.

"ಈ ಸಲ ನಿನ್ನ ಮನೆಗೆ ಹೋಗಿಯೇ ಹೋಗ್ತೇನೆ ಮಾರಾಯ. ನನ್ನ ತಂಗಿಗೆ ಒಬ್ಬಳು ಮಗಳಿದ್ದಾಳೆ. ನಿನ್ನ ಬಾಪನ ಹತ್ರ ಮಾತಾಡ್ಲಿಕ್ಕುಂಟು," ಎಂದರು.

ಅವರು ಹೊರಡಲು ಹತ್ತೇ ದಿನ ಉಳಿದಿತ್ತು. ಪೆಟ್ಟಿಗೆ ಅಡಗಿಸಿಡಿ, ಅಂಗಡಿ ಮುಚ್ಚಿದೆ ಎಂದು ಹೇಳಿ ಅಂತ ಅಪ್ಪನಿಗೆ ತಂತಿ ಕೊಡಲೇ ಎಂದೂ ಯೋಚಿಸಿದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅದೇ ವಾರ ಯಾವುದೋ ಸರಕಾರಿ ಕಚೇರಿಗೆ ಕೆಲಸಗಾರರ ಪಟ್ಟಿ ಕೊಡಬೇಕಾಗಿ ಬಂತು. ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಕೊನೆಗೆ ಕುಟುಂಬದ ಹೆಸರು. ನಾನು ನನ್ನ ಕೊನೆಯ ಕಾಲಂ ಖಾಲಿ ಬಿಟ್ಟಿದ್ದೆ. ನಮ್ಮ ಎಂಜಿನಿಯರ್ ಇಂಗ್ಲೆಂಡಿನವರು, ಹೆಸರು ಮಿಸ್ಟರ್ ಬಾರ್ಬರ್. ಆ ಹೆಸರು ಟೈಪ್ ಮಾಡುವಾಗಲೆಲ್ಲ ನನಗೆ ಒಂಥರಾ ಕಸಿವಿಸಿ. ಅವರು ಪಟ್ಟಿ ನೋಡಿ, ಇದೇಕೆ ಖಾಲಿ ಎಂದು ಕೇಳಿದರು. ನಮಗೆ ಅಂಥ ಹೆಸರಿಲ್ಲ ಸರ್ ಎಂದೆ.

"ಒಂದು ಕಾಲದಲ್ಲಿ ನಮಗೂ ಇರಲಿಲ್ಲ," ಎಂದು ಅವರು ಕುರ್ಚಿ ಎಳೆದು ಕೂತರು. ಏಳೆಂಟು ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಬ್ಬೊಬ್ಬರಿಗೆ ಒಂದೇ ಹೆಸರು ಇದ್ದದ್ದಂತೆ. ಒಂದೇ ಊರಲ್ಲಿ ಹತ್ತು ಜನ ಜಾನ್ ಇದ್ದರೆ ಲೆಕ್ಕಪತ್ರ ಬರೆಯುವವರಿಗೆ ಗೊತ್ತಾಗುವುದು ಹೇಗೆ? ಹಾಗಾಗಿ ಹೆಸರಿನ ಮುಂದೆ ಕಸುಬು ಬರೆದರು. ಕ್ಷೌರ ಮಾಡುವ ಜಾನ್, ಜಾನ್ ಬಾರ್ಬರ್ ಆದ. ಮಕ್ಕಳು ಕಸುಬು ಬಿಟ್ಟರೂ ಹೆಸರು ಬಿಡಲಿಲ್ಲ. ಮೂಲ ಶಬ್ದ ಫ್ರೆಂಚರಿಂದ ಬಂದದ್ದು, ಗಡ್ಡಕ್ಕೆ ಸಂಬಂಧಿಸಿದ್ದು. ಆ ಕಾಲದ ಬಾರ್ಬರ್‌ಗಳು ಹಲ್ಲು ಕೀಳುತ್ತಿದ್ದರು, ಗಾಯಕ್ಕೆ ಹೊಲಿಗೆ ಹಾಕುತ್ತಿದ್ದರು. ಅವರಿಗೂ ಶಸ್ತ್ರಚಿಕಿತ್ಸೆಯವರಿಗೂ ಒಂದೇ ಸಂಘ ಇತ್ತಂತೆ. ಇವತ್ತಿಗೂ ಅಲ್ಲಿ ಆಪರೇಷನ್ ಮಾಡುವವರನ್ನು ಡಾಕ್ಟರ್ ಎನ್ನದೆ ಮಿಸ್ಟರ್ ಎನ್ನುವುದು ಆ ಹಳೆಯ ಸಂಬಂಧದಿಂದಲೇ ಎಂದರು.

ನನ್ನ ಅಪ್ಪನೂ ಊರಲ್ಲಿ ಕುರು ಕೊಯ್ದು ಮದ್ದು ಕಟ್ಟುತ್ತಿದ್ದರು. ಅದು ನೆನಪಾಗಿ, "ಆ ಹೆಸರು ಇಟ್ಟುಕೊಳ್ಳಲು ನಿಮಗೆ ನಾಚಿಕೆ ಆಗುವುದಿಲ್ಲವೇ ಸರ್?" ಎಂದು ಕೇಳಿಬಿಟ್ಟೆ.

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾಕೆ ನಾಚಿಕೆ? ಬಾಗಿಲ ಮೇಲೆ ಬರೆಸಿ ಹಾಕಿದ್ದೇನಲ್ಲ," ಎಂದರು.

"ನನ್ನ ಅಪ್ಪ ಬಾರ್ಬರ್," ಎಂದೆ. ಸೌದಿಯ ನೆಲದಲ್ಲಿ ಈ ಮಾತು ಆಡಿದ್ದು ಅದೇ ಮೊದಲು.

ಅವರು ಎದ್ದು ನನ್ನ ಕೈ ಕುಲುಕಿದರು. "ಹಾಗಾದರೆ ಅವರೇ ನಿಜವಾದ ಬಾರ್ಬರ್. ನಮ್ಮ ಮನೆಯಲ್ಲಿ ಅಜ್ಜನ ಅಜ್ಜನ ಕಾಲದಿಂದಲೂ ಯಾರೂ ಕತ್ತರಿ ಹಿಡಿದಿಲ್ಲ. ನಮಗೆ ಉಳಿದದ್ದು ಹೆಸರು ಮಾತ್ರ."

ಮರುದಿನ ಸೂಕ್‌ಗೆ, ಅಂದರೆ ಅಲ್ಲಿನ ಪೇಟೆಗೆ, ಹೋಗಿ ಅಪ್ಪನಿಗೆಂದು ಒಂದು ಒಳ್ಳೆಯ ಕತ್ತರಿ ಕೊಂಡೆ. ಶುಕ್ರವಾರ ನಮಾಜು ಮುಗಿದ ಮೇಲೆ ಹಮೀದಾಕನಿಗೆ ಎಲ್ಲ ಹೇಳಿದೆ. ಆಮೇಲಿನ ದಿನಗಳಲ್ಲಿ ಅವರದು ಕೇಳಿದ್ದಕ್ಕಷ್ಟೇ ಉತ್ತರ. ಮಾತಿಗೆ ಮಾತು ಸೇರಿಸುತ್ತಿದ್ದ ಮನುಷ್ಯ ಹೀಗಾದದ್ದು ನೋಡಿ, ಹೇಳಿ ಕೆಟ್ಟೆ ಅಂದುಕೊಂಡೆ.

ಹೊರಡುವ ದಿನ ಟ್ಯಾಕ್ಸಿ ಬಂದು ನಿಂತಿತ್ತು. ಎಲ್ಲರ ಕಟ್ಟುಗಳನ್ನೂ ಡಿಕ್ಕಿಗೆ ಹಾಕಿದ ಮೇಲೆ ಅವರು ನನ್ನ ಕಡೆ ತಿರುಗಿದರು. "ನಿನ್ನದು ಎಲ್ಲಿ ಮಾರಾಯ? ಈ ಸಲವೂ ಅಂಚೆಯಾ?" ನಾನು ಓಡಿಹೋಗಿ ಹಾಸಿಗೆಯ ಅಡಿಯಿಂದ ಕತ್ತರಿ ತಂದುಕೊಟ್ಟೆ.

ಎರಡು ತಿಂಗಳ ಮೇಲೆ ಅವರು ವಾಪಸು ಬಂದರು. "ತಂಗಿಯ ಗಂಡ ಒಪ್ಪಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ನಿನ್ನ ಹಾಗೆ ಸುಳ್ಳು ಹೇಳ್ಲಿಕ್ಕೆ ನನಗೆ ಬರುವುದಿಲ್ಲ," ಎಂದರು. ನನಗೆ ನೋವಾಯಿತು, ಇಲ್ಲ ಎನ್ನುವುದಿಲ್ಲ. ಆಮೇಲೆ ಬ್ಯಾಗಿನಿಂದ ಒಂದು ಕ್ಯಾಸೆಟ್ ತೆಗೆದು ನನ್ನ ಕೈಗಿಟ್ಟರು.

ಅದನ್ನು ಹಾಕಿ ಕೇಳಿದೆ. ನಮ್ಮ ಮನೆಯ ಜಗಲಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಅಪ್ಪನ ಮುಂದೆ ತಲೆ ಬಾಗಿಸಿ ಕೂತಿದ್ದರು ಹಮೀದಾಕ. ಕತ್ತರಿಯ ಕಚಕಚ ಸದ್ದು. ನಡುವೆ ಅಪ್ಪನ ದನಿ, "ಹೊಸ ಕತ್ತರಿ. ನನ್ನ ಮಗ ಕಳಿಸಿದ್ದು." ಸ್ವಲ್ಪ ಹೊತ್ತಿಗೆ ಒಳಗಿನಿಂದ ತಾಯಿ ಊಟಕ್ಕೆ ಕರೆಯುವುದು, ತಟ್ಟೆ ಇಡುವ ಸದ್ದು ಕೇಳಿಸಿತು. ಅಪ್ಪ ತಮ್ಮ ಮನೆಯಲ್ಲೇ, ಅಭ್ಯಾಸಬಲದಿಂದ, "ನೀವು ಕೂತುಕೊಳ್ಳಿ. ನಾನು ಆಮೇಲೆ," ಎಂದರು.

"ಆಮೇಲೆ ಎಂತದು? ಒಂದೇ ತಟ್ಟೆ ಸಾಕು. ಬನ್ನಿ," ಎಂದಿತು ಹಮೀದಾಕನ ದನಿ.

ಮಿಸ್ಟರ್ ಬಾರ್ಬರ್ ಮರುವರ್ಷ ತಮ್ಮ ದೇಶಕ್ಕೆ ಹೋದರು. ಅವರ ಮಾತಿನಿಂದ ಏನೇನಾಯಿತು ಎಂದು ಅವರಿಗೆ ನಾನು ಹೇಳಲೇ ಇಲ್ಲ, ಆ ಕೊರಗು ಇದೆ. ಈಗ ಅಪ್ಪನೂ ಇಲ್ಲ, ಹಮೀದಾಕನೂ ಇಲ್ಲ. ಕ್ಯಾಸೆಟ್ ಸವೆದು ಮಾತುಗಳು ಅಸ್ಪಷ್ಟವಾಗಿವೆ. ಆದರೆ ಅಪ್ಪ "ನಾನು ಆಮೇಲೆ" ಎಂದದ್ದೂ, ಹಮೀದಾಕ "ಬನ್ನಿ" ಎಂದದ್ದೂ ನನಗೆ ಇಂದಿಗೂ ಕೇಳಿಸುತ್ತದೆ.